ಯಾವ ಸೈಲೊ ಯಾರಿಗೆ ಸರಿ: ಕಂದಕದಿಂದ ಪ್ಲಾಸ್ಟಿಕ್ ಚೀಲದವರೆಗಿನ ಹೋಲಿಕೆ

ಹಸಿ ಮೇವನ್ನು ಗಾಳಿಯಾಡದಂತೆ ಒತ್ತಿ ಹುಳಿಸಿ ಸೈಲೇಜ್ ಮಾಡಿಟ್ಟು ವರ್ಷವಿಡೀ ಹಸುಗಳಿಗೆ ಕೊಡಬೇಕೆಂದು ನಿರ್ಧರಿಸಿದವರ ಮುಂದೆ ಅದನ್ನು ಕೂಡಿಡುವ ಸೈಲೊಗಾಗಿ ಇಂದು ಐದು ದಾರಿಗಳಿವೆ: ಕಾಂಕ್ರೀಟ್ ಗೋಪುರ, ಗಾಜಿನ ಲೇಪವಿರುವ ಉಕ್ಕಿನ ಗೋಪುರ, ನೆಲದ ಮೇಲೆ ಎರಡು ಅಥವಾ ಮೂರು ಬದಿಗೆ ಗೋಡೆ ಎಬ್ಬಿಸಿದ ಬಂಕರ್, ಉದ್ದನೆಯ ಪ್ಲಾಸ್ಟಿಕ್ ಚೀಲ, ಮತ್ತು ಪ್ಲಾಸ್ಟಿಕ್ ಸುತ್ತಿದ ಪೆಂಡಿ. ಯಾವುದನ್ನು ಆರಿಸಬೇಕೆಂದು ತಿಳಿಯದೆ ಗೊಂದಲಕ್ಕೆ ಬೀಳುವವರು ಬಹಳ. ಈ ಗೊಂದಲ ಬಿಡಿಸಿಕೊಳ್ಳಲು ಸೈಲೊ ಕಟ್ಟಡದ ನೂರೈವತ್ತು ವರ್ಷಗಳ ಇತಿಹಾಸಕ್ಕಿಂತ ಒಳ್ಳೆಯ ನೆರವು ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಇವುಗಳಲ್ಲಿ ಪ್ರತಿಯೊಂದೂ ಹಿಂದಿನದರಲ್ಲಿದ್ದ ಒಂದು ಕೊರತೆಯನ್ನು ನೀಗಿಸಲು ಹುಟ್ಟಿದ್ದು, ಹಾಗೆ ಹುಟ್ಟುವಾಗ ರೈತನ ಹೆಗಲಿಗೆ ಬೇರೊಂದು ಹೊರೆಯನ್ನು ಏರಿಸಿಯೇ ಬಂದಿದ್ದು. ಆ ಕೊರತೆ ನಿಮಗಿದೆಯೇ, ಆ ಹೊರೆಯನ್ನು ನೀವು ಹೊರಬಲ್ಲಿರೇ ಎಂದು ಕೇಳಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಇಲ್ಲಿ ಹೇಳುವುದೆಲ್ಲ ಹಸಿ ಮೇವಿನ ಸೈಲೊಗಳ ವಿಚಾರ. ಒಣ ಕಾಳನ್ನು ತುಂಬಿಡುವ ತಗಡಿನ ಕಣಜಗಳು ನೋಡಲು ಇವುಗಳಂತೆಯೇ ಕಂಡರೂ ಕೆಲಸದಲ್ಲಿ ತೀರ ಬೇರೆ. ಕಾಳಿನೊಳಗೆ ಗಾಳಿ ಆಡಿಸಿ ಅದನ್ನು ಒಣದಾಗಿ ಇಡಬೇಕು, ಮೇವಿನೊಳಗೆ ಗಾಳಿ ಸುಳಿಯದಂತೆ ನೋಡಿಕೊಳ್ಳಬೇಕು.

ಮೊದಲು ಅಳತೆಗೋಲುಗಳು

ಕತ್ತರಿಸಿದ ಹಸಿ ಮೇವನ್ನು ಒತ್ತಾಗಿ ತುಂಬಿ ಗಾಳಿ ಹೊರಹಾಕಿದಾಗ, ಅದರಲ್ಲಿರುವ ಸಕ್ಕರೆಯನ್ನು ತಿಂದು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಮೇವಿನ ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ ಕೊಳೆಸುವ ಜೀವಿಗಳಿಗೆ ಅಲ್ಲಿ ಉಳಿಗಾಲವಿಲ್ಲ, ಮೇವು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಆದರೆ ಬಾಯಿ ತೆರೆದ ಕ್ಷಣದಿಂದ ಗಾಳಿ ಮತ್ತೆ ಒಳಸೇರಲು ಆರಂಭಿಸುತ್ತದೆ. ಆದ್ದರಿಂದ ಮೊದಲ ಅಳತೆಗೋಲು ಸೈಲೊದ ಗಾತ್ರವಾಗಲಿ ಬೆಲೆಯಾಗಲಿ ಅಲ್ಲ, ನೀವು ದಿನಕ್ಕೆ ಎಷ್ಟು ಮೇವು ತೆಗೆಯುತ್ತೀರಿ ಎಂಬ ಲೆಕ್ಕ. ತೆರೆದ ಮುಖದಲ್ಲಿ ಬೂಸ್ಟು ಹಿಡಿಯುವ ವೇಗಕ್ಕಿಂತ ನೀವು ತೆಗೆಯುವ ವೇಗ ಹೆಚ್ಚಿರಬೇಕು. ಗೋಪುರದಲ್ಲಿ ದಿನಕ್ಕೆ 5ರಿಂದ 10 ಸೆಂಟಿಮೀಟರ್ ಪದರ ತೆಗೆದರೆ ಸಾಕು, ಚಳಿಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಬಂಕರಿನ ಮುಖ ಸಡಿಲವಾಗಿರುವುದರಿಂದ ಕನಿಷ್ಠ 15 ಸೆಂಟಿಮೀಟರ್ ಬೇಕು, ಬಿಸಿಲು ಹೆಚ್ಚಿರುವಲ್ಲಿ 30 ಆದರೆ ಇನ್ನೂ ಒಳ್ಳೆಯದು.

ಈ ಒಂದು ಲೆಕ್ಕ ಎಷ್ಟನ್ನು ನಿರ್ಧರಿಸುತ್ತದೆ ನೋಡಿ. 50 ಹಸುಗಳಿಗೆ ತಲಾ 20 ಕೆ.ಜಿ.ಯಂತೆ ದಿನಕ್ಕೆ 1,000 ಕೆ.ಜಿ. ಸೈಲೇಜ್ ಬೇಕೆಂದುಕೊಳ್ಳೋಣ. ಒಂದು ಘನ ಮೀಟರಿನಲ್ಲಿ ಸುಮಾರು 650 ಕೆ.ಜಿ. ಕುಳಿತಿದ್ದರೆ ದಿನಕ್ಕೆ ಒಂದೂವರೆ ಘನ ಮೀಟರ್ ತೆಗೆದಂತಾಯಿತು. ಬಂಕರಿನಲ್ಲಿ 15 ಸೆಂಟಿಮೀಟರ್ ಹಿಂದೆ ಸರಿಯಬೇಕಾದರೆ ಅದರ ಮುಖ 10 ಚದರ ಮೀಟರ್ ಮೀರಬಾರದು, ಅಂದರೆ 2 ಮೀಟರ್ ಎತ್ತರ, 5 ಮೀಟರ್ ಅಗಲ. ಟ್ರ್ಯಾಕ್ಟರ್ ಅಕ್ಕಪಕ್ಕ ಸರಿದು ಇಡೀ ಅಗಲವನ್ನು ತುಳಿಯಲು ಇದಕ್ಕಿಂತ ಕಿರಿದಾದರೆ ಕಷ್ಟ. ಇದೇ ಲೆಕ್ಕವನ್ನು 20 ಹಸುಗಳಿಗೆ ಮಾಡಿದರೆ ಬರುವ ಮುಖ 4 ಚದರ ಮೀಟರ್ ಮಾತ್ರ, ಅದರೊಳಗೆ ಟ್ರ್ಯಾಕ್ಟರ್ ಓಡಿಸಲಾಗದು. ಹೀಗೆ ಬಂಕರ್ ನಿಮಗೆ ಸಲ್ಲುತ್ತದೆಯೇ ಇಲ್ಲವೇ ಎಂಬುದು ಗುತ್ತಿಗೆದಾರನನ್ನು ಕರೆಯುವ ಮೊದಲೇ ಒಂದು ಹಾಳೆಯ ಮೇಲೆ ಇತ್ಯರ್ಥವಾಗುತ್ತದೆ.

ಎರಡನೆಯ ಅಳತೆಗೋಲು ತೇವಾಂಶ. ಮೇವಿನಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ನೀರಿದ್ದರೆ ರಸ ಸೋರುತ್ತದೆ, ಪೋಷಕಾಂಶ ಹೋಗುತ್ತದೆ, ಗೋಡೆಯ ಮೇಲಿನ ಒತ್ತಡ ಏರುತ್ತದೆ. ಸೋರಿದ ರಸ ಹಳ್ಳ ಸೇರಿದರೆ ಮೀನುಗಳೂ ಉಳಿಯುವುದಿಲ್ಲ. ಬಂಕರಿಗೆ ನೂರಕ್ಕೆ 65ರಿಂದ 70, ಕಾಂಕ್ರೀಟ್ ಗೋಪುರಕ್ಕೆ 60ರಿಂದ 65, ಗಾಳಿಯಾಡದ ಉಕ್ಕಿನ ಗೋಪುರಕ್ಕೂ ಸುತ್ತಿದ ಪೆಂಡಿಗೂ ಸುಮಾರು 50 ತೇವ ಹೊಂದುತ್ತದೆ. ಮೂರನೆಯದು ಹಣ, ಆದರೆ ಒಟ್ಟು ಎಷ್ಟು ಎನ್ನುವುದಕ್ಕಿಂತ ಅದು ಯಾವಾಗ ಕೈಬಿಡುತ್ತದೆ ಎಂಬುದು ಮುಖ್ಯ: ಮೊದಲ ವರ್ಷವೇ ದೊಡ್ಡ ಸಾಲವಾಗಿಯೋ, ಪ್ರತಿ ವರ್ಷ ಪ್ಲಾಸ್ಟಿಕ್ಕಿನ ಖರ್ಚಾಗಿಯೋ, ಅಥವಾ ಕೆಟ್ಟು ಹೋದ ಮೇವಿನ ರೂಪದಲ್ಲಿ ಕಣ್ಣಿಗೆ ಕಾಣದಂತೆಯೋ. ನಾಲ್ಕನೆಯದು, ಕೆಟ್ಟರೆ ರಿಪೇರಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದು. ಐದನೆಯದಾದ ಸುರಕ್ಷತೆಯನ್ನು ಆಯಾ ಸೈಲೊದ ಜೊತೆಗೇ ಹೇಳುತ್ತೇನೆ.

ಕಂದಕ, ಚೌಕ ಗೋಪುರ, ದುಂಡು ಗೋಪುರ

1860ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಅಡಾಲ್ಫ್ ರೈಹ್ಲೆನ್ ಮೆಕ್ಕೆಜೋಳದ ಹಸಿ ದಂಟನ್ನು ಕಂದಕಗಳಲ್ಲಿ ಹೂತಿಟ್ಟು ಉಳಿಸಿದ. ಫ್ರಾನ್ಸಿನ ಒಗುಸ್ತ್ ಗೊಫಾರ್ ವರ್ಷಗಟ್ಟಲೆ ಪ್ರಯೋಗ ನಡೆಸಿ 1877ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದ. ಅಮೆರಿಕದಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್ ಗ್ರೋವ್‌ನ ಫ್ರೆಡ್ ಹ್ಯಾಚ್ 1873ರಲ್ಲಿ ಕಟ್ಟಿದ ಮರದ ಸೈಲೊವನ್ನು ಅಲ್ಲಿನ ಮೊದಲ ನಿಲುವು ಸೈಲೊ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಕಂದಕದ ಲಾಭ ಅಗ್ಗ ಎನ್ನುವುದೊಂದೇ. ಅಂತರ್ಜಲ ಮೇಲಿರುವಲ್ಲಿ ಅದು ನೀರು ತುಂಬಿಕೊಳ್ಳುತ್ತದೆ, ಮೇವನ್ನು ಮೇಲೆತ್ತುವುದು ಬೆನ್ನು ಮುರಿಯುವ ಕೆಲಸ.

ನೆಲದ ಮೇಲೆದ್ದ ಮೊದಲ ಸೈಲೊಗಳು ಚೌಕವಾಗಿದ್ದವು, ಕೊಟ್ಟಿಗೆಯೊಳಗೇ ಒಂದು ಮೂಲೆಯಲ್ಲಿ ಕಟ್ಟಲು ಅದೇ ಸುಲಭ. ಆದರೆ ಮೂಲೆಗಳಲ್ಲಿ ಮೇವು ಸರಿಯಾಗಿ ಕೂರದೆ ಗಾಳಿ ನಿಂತು ಕೊಳೆಯುತ್ತಿತ್ತು, ಚಪ್ಪಟೆ ಗೋಡೆಗಳು ಒತ್ತಡಕ್ಕೆ ಹೊರಗೆ ಉಬ್ಬುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಹೈರಮ್ ಕಿಂಗ್ ಈ ತೊಂದರೆಯ ಬೇರಿಗೇ ಕೈಹಾಕಿದರು. ಸೈಲೊ ದುಂಡಾಗಿರಬೇಕು, ಆಳವಾಗಿರಬೇಕು, ಆಗ ಮೇಲಿನ ಮೇವಿನ ಭಾರವೇ ಕೆಳಗಿನದನ್ನು ಅದುಮಿ ಗಾಳಿಯನ್ನು ಹೊರಹಾಕುತ್ತದೆ ಎಂದು 1891ರಲ್ಲಿ ಅವರು ವಿವರಿಸಿದರು. ನಿಲುವು ಕಂಬಗಳ ಒಳಗೂ ಹೊರಗೂ ತೆಳು ಹಲಗೆಗಳನ್ನು ಬಾಗಿಸಿ ಅಡ್ಡಕ್ಕೆ ಬಡಿದ ಅವರ ಮಾದರಿ ಹಬ್ಬಿತು. ಅಂದಿನಿಂದ ಇಂದಿನವರೆಗೆ ಗೋಪುರ ಸೈಲೊಗಳು ಬಹುಮಟ್ಟಿಗೆ ದುಂಡಾಗಿಯೇ ಇವೆ. ಮ್ಯಾಡಿಸನ್ನಿನ ವಿಶ್ವವಿದ್ಯಾಲಯದಲ್ಲಿ 1898ರ ಹಾಲಿನ ಕೊಟ್ಟಿಗೆಗೆ ಹೊಂದಿಕೊಂಡಂತೆ ಅವರ ಮಾದರಿಯ ದುಂಡು ಸೈಲೊವನ್ನು ಇಂದಿಗೂ ನೋಡಬಹುದು.

ಆ ಕಾಲದ ಗೋಪುರಗಳ ಎತ್ತರ ಬಹುತೇಕ 30ರಿಂದ 40 ಅಡಿ. ದಿನಕ್ಕೆ ಎರಡು ಅಂಗುಲ, ಅಂದರೆ 5 ಸೆಂಟಿಮೀಟರಿನಂತೆ 200 ದಿನಗಳ ಚಳಿಗಾಲಕ್ಕೆ ಬೇಕಾಗುವುದು 10 ಮೀಟರ್, ಸುಮಾರು 33 ಅಡಿ. ಅಂದಿನವರು ಎತ್ತರವನ್ನು ತೋರಿಕೆಗೆ ಇಟ್ಟವರಲ್ಲ. ವರ್ಷವಿಡೀ ಸೈಲೇಜ್ ಕೊಡುವವರಿಗೆ ದಿನಕ್ಕೆ 10 ಸೆಂಟಿಮೀಟರಿನಂತೆ 36 ಮೀಟರ್ ಮೀರಿದ ಎತ್ತರ ಬೇಕಾಗುತ್ತದೆ. ಹಾಗೆ ಕಟ್ಟುವುದು ಅಸಾಧ್ಯವಲ್ಲದಿದ್ದರೂ ಅವಿವೇಕ, ಎರಡು ಗೋಪುರ ಕಟ್ಟುವುದೇ ಸರಿ. ದಪ್ಪನೆಯ ಒಂದು ಗೋಪುರಕ್ಕಿಂತ ಸಪೂರವಾದ ಎರಡು ಗೋಪುರಗಳನ್ನು ಸದಾ ಮೇಲಾಗಿ ಎಣಿಸಬೇಕು.

ಕಿಂಗ್ ಮಾದರಿಯ ಬೆನ್ನಿಗೇ ಪೀಪಾಯಿಯಂತೆ ನಿಲುವು ಹಲಗೆಗಳನ್ನು ಜೋಡಿಸಿ ಕಬ್ಬಿಣದ ಬಳೆಗಳಿಂದ ಬಿಗಿದ ಮರದ ಸೈಲೊಗಳು ಬಂದವು. ಸೈಲೊ ತಯಾರಿಕೆ ಒಂದು ಉದ್ಯಮವಾದದ್ದು ಇಲ್ಲಿಂದ. ಮರದ ಕಾರ್ಖಾನೆಯಲ್ಲಿ ಅಳತೆಗೆ ಕೊಯ್ದ ಹಲಗೆ, ಬಳೆ, ಬಾಗಿಲುಗಳೆಲ್ಲ ಒಂದೇ ಕಂತೆಯಾಗಿ ರೈಲಿನಲ್ಲಿ ಬರುತ್ತಿದ್ದವು, ರೈತನೇ ನೆರೆಹೊರೆಯವರೊಂದಿಗೆ ನಿಲ್ಲಿಸಿಕೊಳ್ಳುತ್ತಿದ್ದ. ಆದರೆ ಬರಿದಾದ ಸೈಲೊ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಬಳೆಗಳು ಸಡಿಲವಾಗುತ್ತವೆ, ಆಗ ಬಿರುಗಾಳಿ ಬೀಸಿದರೆ ಇಡೀ ಗೋಪುರ ವಾಲುತ್ತದೆ. ಹೊಸದಾಗಿ ಕಟ್ಟಿಸುವವರಿಗೆ ಮರದ ಸೈಲೊವನ್ನು ಸೂಚಿಸಲು ನನಗೆ ಕಾರಣ ಸಿಗುವುದಿಲ್ಲ. 1908ರ ಸುಮಾರಿಗೆ ಅಯೋವಾ ಕೃಷಿ ಕಾಲೇಜಿನವರು ರೂಪಿಸಿದ ಸುಟ್ಟ ಮಣ್ಣಿನ ಟೊಳ್ಳು ಇಟ್ಟಿಗೆಯ ಸೈಲೊ ಗಟ್ಟಿಮುಟ್ಟಾಗಿತ್ತು. ಅದು ನುರಿತ ಗಾರೆಯವನನ್ನು ಬೇಡುತ್ತಿತ್ತು, ಅಷ್ಟು ಕೂಲಿ ತೆರಲು ಮುಂದೆ ಯಾರೂ ಮುಂದಾಗಲಿಲ್ಲ.

ಕಾಂಕ್ರೀಟ್ ಗೋಪುರ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಲಗೆಯ ಜಾಗಕ್ಕೆ ಕಾಂಕ್ರೀಟ್ ಫಲಕ ಬಂತು. ಫಲಕವನ್ನು ಹತ್ತಿರದಿಂದ ನೋಡಿದರೆ ಅದರ ಜಾಣತನ ತಿಳಿಯುತ್ತದೆ. ಸುಮಾರು 10 ಅಂಗುಲ ಅಗಲ, 30 ಅಂಗುಲ ಎತ್ತರ, ಎರಡೂವರೆ ಅಂಗುಲ ದಪ್ಪದ ಬಿಲ್ಲೆ ಅದು. ಒಂದರ ಅಂಚಿನ ಉಬ್ಬು ಪಕ್ಕದ್ದರ ತೋಡಿನಲ್ಲಿ ಕೂರುತ್ತದೆ, ಅಕ್ಕಪಕ್ಕದ ಸಾಲುಗಳ ಸಂದುಗಳು ಒಂದೇ ಮಟ್ಟಕ್ಕೆ ಬಾರದಂತೆ ಏರಿಳಿಸಿ ಜೋಡಿಸುತ್ತಾರೆ, ಹೊರಗಿನಿಂದ ಉಕ್ಕಿನ ಬಳೆಗಳನ್ನು ಹಾಕಿ ತಿರುಪಿನಿಂದ ಬಿಗಿಯುತ್ತಾರೆ. ಕಾಂಕ್ರೀಟ್ ಒತ್ತುವಿಕೆಯನ್ನು ತಡೆಯುತ್ತದೆ, ಎಳೆತವನ್ನು ತಡೆಯದು. ಆ ಎಳೆತವನ್ನು ಹೊರುವುದು ಬಳೆಗಳ ಪಾಲಿನ ಕೆಲಸ. ಕೆಳಗೆ ಒತ್ತಡ ಹೆಚ್ಚಿರುವುದರಿಂದ ಬುಡದಲ್ಲಿ ಬಳೆಗಳು ಒತ್ತೊತ್ತಾಗಿಯೂ ಮೇಲೆ ಹೋದಂತೆ ವಿರಳವಾಗಿಯೂ ಇರುತ್ತವೆ. ಫಲಕ ಭಾರವಾದ್ದರಿಂದ ದೂರ ಸಾಗಿಸಲು ಕಟ್ಟುವುದಿಲ್ಲ. ಹಾಗಾಗಿ ಇವುಗಳ ಕಾರ್ಖಾನೆಗಳು ಊರೂರಿನ ಸುತ್ತ ಸಣ್ಣದಾಗಿ ಹುಟ್ಟಿಕೊಂಡವು, ಫಲಕ ಒತ್ತಿದವರೇ ಬಂದು ಕಟ್ಟಿ, ಮುಂದೆ ಬಳೆ ಬಿಗಿಯಲೂ ಬರುತ್ತಿದ್ದರು. ರಿಪೇರಿಯವರು ಹತ್ತಿರವಿರುವುದು ಈ ಆಯ್ಕೆಯ ದೊಡ್ಡ ಬಲ.

ಬೆಸುಗೆಯಿಲ್ಲದ ಏಕಶಿಲೆಯಂಥ ಕಾಂಕ್ರೀಟ್ ಗೋಪುರದ ಕಥೆ ಕಾಳಿನ ಕಣಜದಿಂದ ಬಂದದ್ದು. 1899ರಲ್ಲಿ ಮಿನೆಸೋಟದಲ್ಲಿ ಫ್ರಾಂಕ್ ಪೀವಿ ಎಂಬ ಧಾನ್ಯ ವ್ಯಾಪಾರಿಯೂ ಚಾರ್ಲ್ಸ್ ಹ್ಯಾಗ್ಲಿನ್ ಎಂಬ ಕಟ್ಟಡ ನಿರ್ಮಾಪಕನೂ ಅಚ್ಚನ್ನು ಹಂತಹಂತವಾಗಿ ಮೇಲೇರಿಸುತ್ತ ದುಂಡು ಕಾಂಕ್ರೀಟ್ ಕಣಜವೊಂದನ್ನು ಎಬ್ಬಿಸಿದರು. ಅದು ಒಡೆದೇ ಒಡೆಯುತ್ತದೆ ಎಂದು ಜನ ಅದನ್ನು ಪೀವಿಯ ಮೂರ್ಖತನವೆಂದು ಕರೆದರು. ಸುಮಾರು 125 ಅಡಿಯ ಆ ಗೋಪುರ ಇನ್ನೂ ನಿಂತಿದೆ. ಕಂಬಿಗಳನ್ನು ಒಳಗಿಟ್ಟು ಎರಕ ಹೊಯ್ದ ಇಂಥ ಗೋಪುರ ಫಲಕದ್ದಕ್ಕಿಂತ ದುಬಾರಿ. ಆದರೆ ಎತ್ತರವೂ ವ್ಯಾಸವೂ ದೊಡ್ಡದಾಗಿ ಬೇಕೆನ್ನುವವರಿಗೆ ಅದೇ ತಕ್ಕದ್ದು.

ಕಾಂಕ್ರೀಟಿನ ಶತ್ರು ಅದು ಕಾಪಾಡುವ ಮೇವೇ. ಲ್ಯಾಕ್ಟಿಕ್ ಆಮ್ಲ ಒಳಗೋಡೆಯ ಸಿಮೆಂಟನ್ನು ವರ್ಷದಿಂದ ವರ್ಷಕ್ಕೆ ತಿನ್ನುತ್ತದೆ, ಬುಡದ ಕೆಲವು ಮೀಟರುಗಳಲ್ಲಿ ಜಲ್ಲಿ ಎದ್ದು ಕಾಣತೊಡಗುತ್ತದೆ. ಆಗ ಒಳಗೆ ಮತ್ತೆ ಗಾರೆ ಹೊಡೆಸಬೇಕು. ತಳಪಾಯದ ವಿಷಯದಲ್ಲೂ ಕಂಜೂಸಿ ಸಲ್ಲದು. 1895ರಲ್ಲಿ ಜರ್ಮನಿಯ ಎಂಜಿನಿಯರ್ ಎಚ್. ಎ. ಯಾನ್ಸೆನ್ ಕಾಳಿನ ಮೇಲೆ ಪ್ರಯೋಗ ಮಾಡಿ, ಒಳಗಿನ ಭಾರದ ದೊಡ್ಡ ಪಾಲು ಗೋಡೆಯ ತಿಕ್ಕಾಟದ ಮೂಲಕ ಗೋಡೆಗೇ ವರ್ಗವಾಗುತ್ತದೆಂದು ತೋರಿಸಿದ. ಮೇವಿನಲ್ಲೂ ಗೋಡೆ ಹೀಗೆ ಭಾರ ಹೊರುವುದರಿಂದ ಅದರ ಕೆಳಗಿನ ಉಂಗುರಾಕಾರದ ಪಾಯದ ಮೇಲೆ ವಿಪರೀತ ಹೊರೆ ಬೀಳುತ್ತದೆ. ಮೃದುವಾದ ಜೇಡಿಮಣ್ಣಿನ ಮೇಲೆ ಎತ್ತರದ ಗೋಪುರ ಕಟ್ಟಿ, ಮೊದಲ ಬಾರಿ ತುಂಬಿದ ಕೆಲವೇ ದಿನಗಳಲ್ಲಿ ಅದು ಪಕ್ಕಕ್ಕೆ ಉರುಳಿದ ಉದಾಹರಣೆಗಳಿವೆ. ಮಣ್ಣು ಪರೀಕ್ಷೆಯ ಖರ್ಚು ಇದರ ಮುಂದೆ ಏನೇನೂ ಅಲ್ಲ.

ಮೊದಮೊದಲು ಒಬ್ಬ ಆಳು ಪ್ರತಿದಿನ ಏಣಿ ಹತ್ತಿ, ಕವಲುಗೋಲಿನಿಂದ ಮೇವನ್ನು ಬಾಗಿಲುಗಳ ಮೂಲಕ ಕೆಳಗೆ ತಳ್ಳಬೇಕಿತ್ತು. ಎರಡನೆಯ ಮಹಾಯುದ್ಧದ ನಂತರ ಮೇಲ್ಪದರವನ್ನು ಕೆರೆದು ಕೆಳಗೆ ಎಸೆಯುವ ವಿದ್ಯುತ್ ಯಂತ್ರ ಹಬ್ಬಿ ಆ ಶ್ರಮ ತಗ್ಗಿತು. ಆದರೂ ಯಂತ್ರ ಕೆಟ್ಟ ದಿನ ಯಾರಾದರೂ ಹತ್ತಲೇಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತುಂಬಿದ ಕೆಲವೇ ಗಂಟೆಗಳಲ್ಲಿ ಮೇವಿನಿಂದ ನೈಟ್ರೋಜನ್ ಡೈಆಕ್ಸೈಡ್ ಎಂಬ ವಿಷಾನಿಲ ಏಳಬಹುದು. ಅದು ಹಳದಿ ಮಿಶ್ರಿತ ಕಂದು ಬಣ್ಣದ್ದು, ಬ್ಲೀಚಿಂಗ್ ಪುಡಿಯಂಥ ವಾಸನೆಯದು, ಗಾಳಿಗಿಂತ ಭಾರವಾದ್ದರಿಂದ ಮೇವಿನ ಮೇಲೂ, ಮೇವನ್ನು ಕೆಳಗೆ ಬೀಳಿಸುವ ಇಳಿಗೊಳವೆಯ ಬುಡದಲ್ಲೂ ಮಡುಗಟ್ಟಿ ನಿಲ್ಲುತ್ತದೆ. ಮೊದಲ ಮೂರು ವಾರ ಯಾರೂ ಒಳಗೆ ಇಳಿಯಬಾರದು. ಆಮೇಲೂ ಗಾಳಿಯೂದುವ ಯಂತ್ರವನ್ನು ಸಾಕಷ್ಟು ಹೊತ್ತು ಓಡಿಸದೆ, ಹೊರಗೆ ಇನ್ನೊಬ್ಬರನ್ನು ನಿಲ್ಲಿಸದೆ ಇಳಿಯಬಾರದು.

ಗಾಜುಲೇಪದ ಉಕ್ಕಿನ ಗೋಪುರ

ಅಮೆರಿಕದ ಮಿಲ್ವಾಕೀ ನಗರದ ಎ. ಒ. ಸ್ಮಿತ್ ಕಂಪನಿ ಉಕ್ಕಿನ ಮೇಲೆ ಗಾಜನ್ನು ಕರಗಿಸಿ ಹಿಡಿಸುವ ವಿದ್ಯೆಯನ್ನು ನೀರು ಕಾಯಿಸುವ ತೊಟ್ಟಿಗಳಲ್ಲಿ ಕರಗತ ಮಾಡಿಕೊಂಡಿತ್ತು. ಅದೇ ವಿದ್ಯೆಯಿಂದ 1949ರಲ್ಲಿ ಹಾರ್ವೆಸ್ಟೋರ್ ಎಂಬ ಕಡುನೀಲಿ ಗೋಪುರವನ್ನು ಹೊರತಂದಿತು. 800 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖದಲ್ಲಿ ಉಕ್ಕಿಗೆ ಬೆಸೆದ ಗಾಜು ಆಮ್ಲಕ್ಕೆ ಜಗ್ಗುವುದಿಲ್ಲ. ಒಳಗಿನ ಅನಿಲ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಹೊರಗಾಳಿ ಒಳನುಗ್ಗದಂತೆ ಛಾವಣಿಯಡಿ ಉಸಿರಾಟದ ಚೀಲಗಳನ್ನು ತೂಗುಹಾಕಿದ್ದಾರೆ. ಮೇವನ್ನು ಬುಡದಿಂದ ತೆಗೆಯುವುದರಿಂದ ಹಳೆಯದು ಮೊದಲು ಹೊರಬರುತ್ತದೆ, ಬಳಸುತ್ತಲೇ ಮೇಲಿನಿಂದ ಹೊಸ ಕೊಯ್ಲನ್ನು ತುಂಬಬಹುದು. ಅರೆ ಒಣಗಿಸಿದ ಕುದುರೆಮಸಾಲೆಯಂಥ ಮೇವಿಗೆ, ಹಲವು ಕೊಯ್ಲುಗಳಿರುವ ಹೊಲಕ್ಕೆ ಇದರಷ್ಟು ಒಗ್ಗುವ ಸೈಲೊ ಇನ್ನೊಂದಿಲ್ಲ.

ಬೆಲೆ ಮಾತ್ರ ಅದೇ ಗಾತ್ರದ ಕಾಂಕ್ರೀಟ್ ಗೋಪುರವನ್ನು ಬಹಳ ಹಿಂದೆ ಹಾಕುತ್ತದೆ. ಬುಡದ ಯಂತ್ರ ಕೆಟ್ಟರೆ ಸಾವಿರಾರು ಮಣ ಮೇವಿನಡಿ ಸಿಕ್ಕಿಕೊಂಡ ಅದನ್ನು ಬಿಡಿಸಲು ಪರಿಣತರೇ ಬೇಕು. 1970ರ ದಶಕದಲ್ಲಿ ಅಮೆರಿಕದ ಅನೇಕ ರೈತರು ಸಾಲ ಮಾಡಿ ಇವನ್ನು ನಿಲ್ಲಿಸಿದರು. 1980ರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ ಬಡ್ಡಿ ಏರಿ, ಜಮೀನಿನ ಬೆಲೆ ಕುಸಿದು, ಕಂತು ಕಟ್ಟಲಾಗದೆ ಹಲವರು ನೆಲ ಕಳೆದುಕೊಂಡಾಗ ಈ ಗೋಪುರಗಳಿಗೆ ನೀಲಿ ಸಮಾಧಿಕಲ್ಲುಗಳೆಂಬ ಹೆಸರು ಬಿತ್ತು. ಸೈಲೊ ತನ್ನ ಕೆಲಸ ಮಾಡುತ್ತಲೇ ಇತ್ತು, ಅದು ಉಳಿಸಿಕೊಟ್ಟ ಮೇವಿನ ಮೌಲ್ಯ ಬಡ್ಡಿಗೆ ಸಾಲುತ್ತಿರಲಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಸಾಲವಿಲ್ಲದೆ ಕೊಳ್ಳಬಲ್ಲವರು, ಅಥವಾ ಸುಸ್ಥಿತಿಯಲ್ಲಿರುವ ಹಳೆಯದನ್ನು ಬಿಚ್ಚಿ ತರಿಸಬಲ್ಲವರು ಮಾತ್ರ ಇದರತ್ತ ನೋಡಬೇಕು. ತಗಡುಗಳನ್ನು ಬೋಲ್ಟಿನಿಂದ ಜೋಡಿಸಿರುವುದರಿಂದ ಸ್ಥಳಾಂತರ ಸಾಧ್ಯ. ಇದರೊಳಗೆ ಉಸಿರಾಡಲು ಆಮ್ಲಜನಕವೇ ಇರುವುದಿಲ್ಲ, ಹಾಗಾಗಿ ಯಾವ ಕಾರಣಕ್ಕೂ ಇಳಿಯುವಂತಿಲ್ಲ. ಒಳಗೆ ಬೆಂಕಿ ಹೊಗೆಯಾಡಿದರೆ ಮೇಲಿನ ಬಾಗಿಲು ತೆರೆದು ನೀರು ಸುರಿಯುವುದೂ ಸಲ್ಲದು, ಸ್ಫೋಟವಾಗಬಹುದು.

ಬಂಕರ್

ಪಾಲಿಥೀನ್ ಹಾಳೆಯೂ ಮುಂದೆ ಬಕೆಟ್ ಇರುವ ಟ್ರ್ಯಾಕ್ಟರೂ ಬಂದ ಮೇಲೆ ಹಳೆಯ ಕಂದಕ ಮತ್ತೆ ಜೀವ ತಳೆಯಿತು, ಈ ಬಾರಿ ನೆಲದ ಮೇಲೆ. ತುಂಬುವ ವೇಗದಲ್ಲಿ, ತೆಗೆಯುವ ವೇಗದಲ್ಲಿ, ಟನ್ನಿಗೆ ಬೀಳುವ ಕಟ್ಟಡದ ಖರ್ಚಿನಲ್ಲಿ ಬಂಕರನ್ನು ಗೋಪುರ ಮೀರಿಸಲಾರದು. ನೂರಾರು ಹಸುಗಳಿರುವ ಹಟ್ಟಿಗಳು ಗೋಪುರಗಳನ್ನು ಕೈಬಿಟ್ಟದ್ದು ಇದಕ್ಕಾಗಿಯೇ.

ಆದರೆ ಇಲ್ಲಿ ಭಾರ ತಾನಾಗಿ ಅದುಮುವುದಿಲ್ಲ, ನೀವು ಅದುಮಬೇಕು. ಗಂಟೆಗೆ ಬರುವ ಪ್ರತಿ ಟನ್ ಮೇವಿಗೆ ಸುಮಾರು 400 ಕೆ.ಜಿ. ಟ್ರ್ಯಾಕ್ಟರ್ ತೂಕ ಬೇಕೆಂಬುದು ರೂಢಿಯ ಲೆಕ್ಕ. ಗಂಟೆಗೆ 50 ಟನ್ ಬಂದು ಬೀಳುತ್ತಿದ್ದರೆ 20 ಟನ್ ತೂಕದ ಟ್ರ್ಯಾಕ್ಟರುಗಳು ಬಿಡುವಿಲ್ಲದೆ, ಒಂದು ಬಾರಿಗೆ 15 ಸೆಂಟಿಮೀಟರಿಗಿಂತ ದಪ್ಪವಿಲ್ಲದ ಪದರಗಳ ಮೇಲೆ ಓಡಾಡಬೇಕು. ಅಷ್ಟು ತೂಕ ಇಲ್ಲದಿದ್ದರೆ ಕೊಯ್ಲಿನ ವೇಗವನ್ನೇ ತಗ್ಗಿಸಬೇಕು. ಮುಗಿದ ದಿನವೇ ಹಾಳೆ ಹೊದಿಸಿ, ಹಳೆಯ ಟೈರುಗಳನ್ನು ಒಂದಕ್ಕೊಂದು ತಾಗುವಂತೆ ಹೇರಬೇಕು. ಒಳ್ಳೆಯ ಗೋಪುರದಲ್ಲಿ ನೂರಕ್ಕೆ 5ರಿಂದ 10ರಷ್ಟು ಒಣಪದಾರ್ಥ, ಅಂದರೆ ನೀರು ಬಿಟ್ಟು ಉಳಿದ ಮೇವಿನ ತಿರುಳು, ನಷ್ಟವಾದರೆ ಬಂಕರಿನಲ್ಲಿ 10ರಿಂದ 20 ಸಾಮಾನ್ಯ, ಹೊದಿಕೆ ಸಡಿಲವಿದ್ದರೆ ಇನ್ನೂ ಹೆಚ್ಚು. ಕಟ್ಟಡದಲ್ಲಿ ಉಳಿಸಿದ ಹಣ ಬೂಸ್ಟಿನ ರೂಪದಲ್ಲಿ ಹೊರಹೋಗುವುದು ಇಲ್ಲಿಯೇ. ಮುಖವನ್ನು ಬುಡದಲ್ಲಿ ಕೊರೆದು ಮೇಲ್ಭಾಗ ಚಾಚಿ ನಿಲ್ಲುವಂತೆ ಬಿಡಬಾರದು, ಕುಸಿದ ಮೇವಿನಡಿ ಸಿಕ್ಕವರು ಬದುಕುವುದು ಅಪರೂಪ.

ಚೀಲ ಮತ್ತು ಪೆಂಡಿ

ಯಂತ್ರದಿಂದ ಒತ್ತಿ ತುಂಬುವ ಪ್ಲಾಸ್ಟಿಕ್ ಚೀಲ ಜರ್ಮನಿಯಲ್ಲಿ ರೂಪುಗೊಂಡು 1970ರ ದಶಕದ ಕೊನೆಗೆ ಅಮೆರಿಕಕ್ಕೆ ಬಂತು. ಸುತ್ತಿದ ದುಂಡು ಪೆಂಡಿ 1980ರ ದಶಕದಲ್ಲಿ ಯುರೋಪಿನಲ್ಲಿ ಹಬ್ಬಿತು. ಎರಡಕ್ಕೂ ಕಟ್ಟಡವಿಲ್ಲ, ಸಾಲವಿಲ್ಲ. ನೀರು ನಿಲ್ಲದ ಸಮತಟ್ಟಾದ ಗಟ್ಟಿನೆಲ ಸಾಕು, ಯಂತ್ರವನ್ನು ಬಾಡಿಗೆಗೆ ತರಬಹುದು, ಈ ವರ್ಷ ಹತ್ತು ಹಸು ಹೆಚ್ಚಾದರೆ ಇನ್ನೊಂದು ಚೀಲ ತುಂಬಿದರಾಯಿತು. ಬೇರೆ ಬೇರೆ ಹೊಲದ ಮೇವನ್ನು ಬೇರೆಯಾಗಿಯೇ ಇಟ್ಟು, ಒಳ್ಳೆಯದನ್ನು ಹಾಲು ಕೊಡುವ ಹಸುಗಳಿಗೆ ಮೀಸಲಿಡಬಹುದು. ಹಕ್ಕಿ ಕುಟುಕಿದರೂ ಇಲಿ ಕಚ್ಚಿದರೂ ರಂಧ್ರ ಬೀಳುತ್ತದೆ, ವಾರಕ್ಕೊಮ್ಮೆ ಸುತ್ತು ಹಾಕಿ ಅಂಟುಪಟ್ಟಿ ಹಚ್ಚುವ ಶ್ರದ್ಧೆ ಬೇಕು. ಬಳಸಿದ ಪ್ಲಾಸ್ಟಿಕ್ಕಿನ ರಾಶಿಯನ್ನು ಎಲ್ಲಿಗೆ ಕಳಿಸುತ್ತೀರೆಂಬುದನ್ನು ಕೊಳ್ಳುವ ಮೊದಲೇ ಯೋಚಿಸಿ, ಸುಡುವುದು ದಾರಿಯಲ್ಲ.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತು ಇಪ್ಪತ್ತೈದು ಹಸುಗಳವರೆಗೆ ಪೆಂಡಿಯೇ ಲೇಸು, ತಂಪು ಹವೆಯಿದ್ದರೆ 2.4 ಮೀಟರ್ ವ್ಯಾಸದ ಸಣ್ಣ ಚೀಲವೂ ನಡೆದೀತು. ಬಾಡಿಗೆ ನೆಲದಲ್ಲಿ ಸಾಕಣೆ ಮಾಡುವವರಿಗೆ, ಮುಂದಿನ ಐದು ವರ್ಷದ ಹಸುಗಳ ಸಂಖ್ಯೆ ಗೊತ್ತಿಲ್ಲದವರಿಗೂ ಇದೇ ಮಾತು. ಐವತ್ತರಿಂದ ನೂರು ಹಸುಗಳ ನಡುವೆ ನಿಜವಾದ ಕಗ್ಗಂಟಿದೆ. ಸ್ವಂತ ನೆಲ, ಇಕ್ಕಟ್ಟಾದ ಅಂಗಳ, ಕಡಿಮೆ ಆಳು, ಹತ್ತಿರದಲ್ಲೇ ಸೈಲೊ ಕಟ್ಟುವವರು ಇದ್ದರೆ ಎರಡು ಸಪೂರ ಫಲಕದ ಗೋಪುರಗಳು ದಶಕಗಟ್ಟಲೆ ಸೇವೆ ಕೊಡುತ್ತವೆ. ಜಾಗ ಧಾರಾಳವಿದ್ದು ಭಾರದ ಟ್ರ್ಯಾಕ್ಟರ್ ಮನೆಯಲ್ಲೇ ಇದ್ದರೆ ಕಿರಿದಾದ ಎರಡು ಬಂಕರ್ ಮೇಲು. ಮುನ್ನೂರು ಹಸುಗಳಿಗೆ ದಿನಕ್ಕೆ 6 ಟನ್ ಬೇಕು, 3 ಮೀಟರ್ ಎತ್ತರ 10 ಮೀಟರ್ ಅಗಲದ ಮುಖದಲ್ಲಿ ಅದು ದಿನಕ್ಕೆ 30 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಆ ಗಾತ್ರಕ್ಕೆ ಬಂಕರ್ ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ.

ಕೊಂಡ ಜಮೀನಿನಲ್ಲಿ ಹಳೆಯ ಫಲಕದ ಗೋಪುರವೊಂದು ಖಾಲಿ ನಿಂತಿದ್ದರೆ ಅದನ್ನು ಕೆಡವುವ ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು. ಬುಡದ ಬಳೆಗಳ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಉಳಿದ ದಪ್ಪ ನೋಡಿ, ಫಲಕವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಬರುವ ಜಾಗಗಳನ್ನು ಗುರುತು ಮಾಡಿ, ತೂಗುಗುಂಡು ಬಿಟ್ಟು ಗೋಪುರ ವಾಲಿದೆಯೇ ಎಂದು ಅಳೆಯಿರಿ. ಬಳೆ ಬದಲಿಸಿ ಒಳಗಾರೆ ಹೊಡೆಸಿದರೆ ಸಾಕಾಗುವುದಾದರೆ ಹೊಸ ಗೋಪುರದ ಖರ್ಚಿನ ಒಂದು ಪಾಲಿನಲ್ಲೇ ಕೆಲಸ ಆದೀತು. ಗೋಪುರ ವಾಲಿದ್ದರೆ, ಅಥವಾ ಪಾಯದಲ್ಲಿ ಬಿರುಕು ಕಂಡರೆ, ಮೇವು ತುಂಬುವ ಯೋಚನೆಯನ್ನು ಅಲ್ಲಿಗೇ ಬಿಟ್ಟು ಎಂಜಿನಿಯರನ್ನು ಕರೆಸಿ.